ಮಗನ ಬಲಗಾಲಿಗೆ ರಿಪೋರ್ಟ್‌ನಲ್ಲಿ 0.48 ಬಂದಿದೆ. ಆಡಿಸೋದಾ, ನಿಲ್ಲಿಸೋದಾ?

ಬಾಣಸವಾಡಿ ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮಗನಿಗೆ 14 ತುಂಬಿದೆ. ವಾರಕ್ಕೆ ನಾಲ್ಕು ದಿನ ಫುಟ್‌ಬಾಲ್ ಪ್ರಾಕ್ಟೀಸ್, ಭಾನುವಾರ ಮ್ಯಾಚ್. ರೈಟ್ ವಿಂಗ್‌ನಲ್ಲಿ ಆಡುತ್ತಾನೆ, ಒದೆಯೋದೆಲ್ಲ ಬಲಗಾಲಲ್ಲೇ. ಹೋದ ವಾರ ಅಕಾಡೆಮಿಯವರು ಹುಡುಗರನ್ನೆಲ್ಲ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಕಾಲಿನ ಶಕ್ತಿ ಪರೀಕ್ಷೆ ಮಾಡಿಸಿದರು. ದೊಡ್ಡ ಕುರ್ಚಿ ಥರದ ಮಷಿನ್. ಎದೆಗೆ, ತೊಡೆಗೆ ಬೆಲ್ಟ್ ಬಿಗಿದು, ಕಾಲನ್ನು ಜೋರಾಗಿ ಮುಂದಕ್ಕೆ ಚಾಚು, ಜೋರಾಗಿ ಹಿಂದಕ್ಕೆ ಮಡಚು ಅಂತ ಹೇಳಿದರಂತೆ. ಎರಡೂ ಕಾಲಿಗೆ ಐದೈದು ಸಲ.

ರಿಪೋರ್ಟ್‌ನಲ್ಲಿ ಇರೋದು ಇದು. ತೊಡೆಯ ಮುಂಭಾಗ: ಬಲ 142, ಎಡ 128. ತೊಡೆಯ ಹಿಂಭಾಗ: ಬಲ 68, ಎಡ 73. ಕೆಳಗೆ ಹಿಂದು-ಮುಂದಿನ ಅನುಪಾತ ಅಂತ ಬಲಕ್ಕೆ 0.48, ಎಡಕ್ಕೆ 0.57. 0.6ಕ್ಕಿಂತ ಜಾಸ್ತಿ ಇರಬೇಕಿತ್ತಂತೆ. ಬಲಗಾಲಿನ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ಅಪಾಯ’ ಎಂದು ಬರೆದಿದ್ದಾರೆ. ಮೂರು ತಿಂಗಳ ಪ್ಯಾಕೇಜ್ ತಗೊಳ್ಳಿ, ಅಲ್ಲಿಯವರೆಗೆ ಆಟ ಬೇಡ ಎಂದರು.

ಇವನ ಅಮ್ಮ ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಕೋಚ್ ಕೇಳಿದರೆ ‘ಮಷಿನ್ ಗೋಲ್ ಹೊಡೆಯುತ್ತಾ ಸರ್’ ಅಂತಾರೆ. ಯಾರ ಮಾತು ಕೇಳಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರು ಫಿಸಿಯೋ

ಸರ್, ಗಾಬರಿ ಬೇಡ. ನಾನು ಕ್ರೀಡಾಪಟುಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಮೊದಲು ನಾಲ್ಕು ವಿಷಯ ಹೇಳಿ. ನೋವು ಎಲ್ಲಾದರೂ ಇದೆಯಾ? ಕಳೆದ ಒಂದು ವರ್ಷದಲ್ಲಿ ಎಷ್ಟು ಎತ್ತರ ಬೆಳೆದ? ಪರೀಕ್ಷೆಯ ಹಿಂದಿನ ದಿನ ಏನು ಮಾಡಿದ್ದ? ವಾರಕ್ಕೆ ಒಟ್ಟು ಎಷ್ಟು ಗಂಟೆ ಆಡುತ್ತಾನೆ?

ಬಾಣಸವಾಡಿ ಅಪ್ಪ

ಮೇಡಂ, ಥ್ಯಾಂಕ್ಸ್. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಪೆನ್ಸಿಲ್ ಗೆರೆ ಹಾಕುತ್ತೇವೆ. ಈಗ ಅಳೆದು ಬಂದೆ. ಕಳೆದ ವರ್ಷದ ಗೆರೆಗೂ ಈ ವರ್ಷದ ಗೆರೆಗೂ 9 ಸೆಂಟಿಮೀಟರ್. ಅದಕ್ಕೂ ಹಿಂದಿನ ವರ್ಷ ಐದೇ ಇತ್ತು.

ನೋವು ಇಲ್ಲ ಎಂದೇ ಅಂದುಕೊಂಡಿದ್ದೆ. ಇವತ್ತು ಕೇಳಿದೆ. ಬಲ ಮಂಡಿಚಿಪ್ಪಿನ ಕೆಳಗೆ, ಎರಡು ಬೆರಳಿನಷ್ಟು ಕೆಳಗೆ, ಒಂದು ಸಣ್ಣ ಗುಬ್ಬಟೆ ಇದೆ. ಒತ್ತಿದರೆ ‘ಅಯ್ಯೋ’ ಅಂದ. ಮಂಡಿಯೂರಿ ಕೂರಲು ಆಗಲ್ಲವಂತೆ. ಎರಡು ತಿಂಗಳಿಂದ ಇದೆಯಂತೆ, ಹೇಳಿದರೆ ಆಟ ಬಿಡಿಸುತ್ತೀವಿ ಅಂತ ಹೇಳಿಲ್ಲ. ಪರೀಕ್ಷೆ ಸೋಮವಾರ, ಭಾನುವಾರ ಪೂರ್ತಿ ಮ್ಯಾಚ್ ಆಡಿದ್ದ.

ಗಂಟೆ ಲೆಕ್ಕ ಹಾಕಿದೆ. ಪ್ರಾಕ್ಟೀಸ್ 8, ಮ್ಯಾಚ್ ಒಂದೂವರೆ, ಗೆಳೆಯರ ಜೊತೆ ಸಂಜೆ ಟರ್ಫ್ 2, ಶಾಲೆಯ ಪಿ.ಟಿ. ಪೀರಿಯಡ್ 2. ಹದಿಮೂರೂವರೆ. ಇಷ್ಟೊಂದು ಆಗುತ್ತೆ ಅಂತ ಗೊತ್ತಿರಲಿಲ್ಲ.

ಮೈಸೂರು ಫಿಸಿಯೋ

ಸರ್, ಆ ಗುಬ್ಬಟೆಯೇ ನಿಮ್ಮ ರಿಪೋರ್ಟ್‌ಗಿಂತ ಮುಖ್ಯ. ಅದು ಆಸ್ಗುಡ್-ಶ್ಲಾಟರ್ ಇರಬಹುದು. ಬಾಸ್ಟನ್ನಿನ ಆಸ್ಗುಡ್, ಜ್ಯೂರಿಕ್‌ನ ಶ್ಲಾಟರ್ ಎಂಬ ಇಬ್ಬರು ವೈದ್ಯರು 1903ರಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟ ತೊಂದರೆ. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳು ಒಟ್ಟಾಗಿ ಮಂಡಿಚಿಪ್ಪು ದಾಟಿ ಮಂಡಿಯ ಕೆಳಗಿನ ಮೂಳೆಗೆ ಅಂಟುವ ಜಾಗ ಅದು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಪ್ರತಿ ಕಿಕ್‌ಗೂ, ಪ್ರತಿ ಜಂಪ್‌ಗೂ ಆ ಸ್ನಾಯು ಅಲ್ಲೇ ಜಗ್ಗುತ್ತದೆ. ಎತ್ತರ ಸರ್ರನೆ ಏರುವಾಗ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದಿನಿಂದ ಬರುತ್ತದೆ. ಜಗ್ಗಾಟ ಇನ್ನೂ ಜಾಸ್ತಿ. ಒಬ್ಬ ಮೂಳೆ ವೈದ್ಯರಿಗೆ ಕಾಲು ತೋರಿಸಿ ಖಚಿತ ಮಾಡಿಕೊಳ್ಳಿ. ನಾನು ಇಲ್ಲಿಂದ ಕೈಯಿಟ್ಟು ನೋಡಲು ಆಗಲ್ಲ.

ಈಗ ಅಂಕಿಗೆ ಬರೋಣ. ರಿಪೋರ್ಟ್‌ನಲ್ಲಿ 0.48ಕ್ಕೆ ಸುತ್ತು ಹಾಕಿದ್ದಾರೆ. ಆದರೆ ಆ ಸಂಖ್ಯೆ ಎಲ್ಲಿಂದ ಬಂತು ನೋಡಿ. 68ನ್ನು 142ರಿಂದ ಭಾಗಿಸಿದ್ದಾರೆ, ಅಷ್ಟೇ. ಹಿಂಭಾಗ ಸೋತರೂ ಈ ಸಂಖ್ಯೆ ಇಳಿಯುತ್ತದೆ, ಮುಂಭಾಗ ಬಲವಾದರೂ ಇಳಿಯುತ್ತದೆ. ನಿಮ್ಮ ಹುಡುಗನದ್ದು ಎರಡೂ ಸ್ವಲ್ಪ ಸ್ವಲ್ಪ. ಹಿಂಭಾಗದಲ್ಲಿ ಬಲಕ್ಕೂ ಎಡಕ್ಕೂ ಇರುವ ವ್ಯತ್ಯಾಸ ಸುಮಾರು 7 ಪರ್ಸೆಂಟ್. ಮುಂಭಾಗದಲ್ಲಿ 10. ಎರಡು ಕಾಲಿನ ನಡುವೆ 10ರಿಂದ 15 ಪರ್ಸೆಂಟ್ ದಾಟಿದರೆ ನಾವು ಗಮನ ಕೊಡುತ್ತೇವೆ. ಅಂದರೆ ಇವನ ಬಲಗಾಲಿನ ಹಿಂಭಾಗ ಕುಸಿದು ಬಿದ್ದಿಲ್ಲ. ದಿನಾ ಅದೇ ಕಾಲಲ್ಲಿ ಒದ್ದೂ ಒದ್ದೂ ಮುಂಭಾಗ ಮುಂದೆ ಓಡಿದೆ, ಹಿಂಭಾಗ ಜೊತೆಗೆ ಓಡಿಲ್ಲ. ಗುಬ್ಬಟೆಯೂ ಅದೇ ಕಾಲಲ್ಲಿ, ಅದೇ ಸ್ನಾಯುವಿನ ತುದಿಯಲ್ಲಿ ಬಂದಿದೆ, ನೋಡಿದಿರಾ? ಎರಡೂ ಒಂದೇ ಕಥೆ.

ಇನ್ನೊಂದು ಮಾತು. ಜೀವನದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ಕೂತ ಹುಡುಗ, ಮ್ಯಾಚ್ ಆಡಿದ ಮರುದಿನ, ಮಂಡಿ ನೋವಿಟ್ಟುಕೊಂಡು ಕೊಟ್ಟ ಅಂಕಿ ಅದು. ಒಂದು ದಿನದ ಫೋಟೋ. ಅದರ ಮೇಲೆ ಮೂರು ತಿಂಗಳು ಆಟ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಸುಮ್ನೆ ಬಿಡುವುದೂ ಬೇಡ.

ಗಂಟೆಗಳ ಬಗ್ಗೆ: ವಾರಕ್ಕೆ ಆಡುವ ಗಂಟೆ ಮಗುವಿನ ವಯಸ್ಸನ್ನು ದಾಟಬಾರದು ಎಂಬುದು ನಾವು ಬಳಸುವ ಸರಳ ಅಳತೆ. ನೀವು ಅಂಚಿನಲ್ಲಿದ್ದೀರಿ. ಸಂಜೆಯ ಟರ್ಫ್ ಸದ್ಯಕ್ಕೆ ಬಿಡಿಸಿ. ಪ್ರಾಕ್ಟೀಸ್‌ನಲ್ಲಿ ಶೂಟಿಂಗ್, ಜಂಪಿಂಗ್ ಕಡಿಮೆ ಮಾಡಲು ಕೋಚ್‌ಗೆ ಹೇಳಿ. ಆಡುವಾಗ ತುಸು ನೋವಿದ್ದು ಮರುದಿನ ಬೆಳಿಗ್ಗೆ ಹೋಗಿದ್ದರೆ ನಡೆಯುತ್ತದೆ. ಕುಂಟಿದರೆ ಅವತ್ತಿಗೆ ಆಟ ಮುಗಿಯಿತು.

ಬೆಳಗಿನ ಮೈದಾನ

ನಾನು ಕೋಚ್. ಬೆಂಗಳೂರಿನ ಪೂರ್ವ ಭಾಗದಲ್ಲಿ 12ರಿಂದ 16 ವಯಸ್ಸಿನ ಹುಡುಗರಿಗೆ ಹೇಳಿಕೊಡುತ್ತೇನೆ. ಆಸ್ಟಿನ್ ಟೌನ್, ಗೌತಮಪುರ ಕಡೆ ಬೆಳೆದವನು. ಗೌತಮಪುರದಲ್ಲಿ ಪೆಲೆ ಪ್ರತಿಮೆ ನೋಡಿದವರಿಗೆ ನಮ್ಮ ಹುಚ್ಚು ಎಂಥದ್ದು ಅಂತ ಗೊತ್ತಿರುತ್ತೆ.

‘ಮಷಿನ್ ಗೋಲ್ ಹೊಡೆಯುತ್ತಾ’ ಅಂತ ಮೊದಲು ನಾನೂ ಹೇಳುತ್ತಿದ್ದೆ. ಎಂಟು ವರ್ಷದ ಹಿಂದೆ ಒಂದೇ ಸೀಸನ್‌ನಲ್ಲಿ ನನ್ನ ತಂಡದ ನಾಲ್ಕು ಹುಡುಗರು ತೊಡೆ ಹಿಂದೆ ಕೈ ಹಿಡಿದುಕೊಂಡು ಕೂತರು. ನಾಲ್ವರೂ ಸೆಕೆಂಡ್ ಹಾಫ್ ಮುಗಿಯುವ ಹೊತ್ತಿಗೆ, ಚೆಂಡಿನ ಹಿಂದೆ ಪೂರ್ತಿ ವೇಗದಲ್ಲಿ ಓಡುವಾಗ. ಒಬ್ಬನನ್ನೂ ಯಾರೂ ಮುಟ್ಟಿರಲಿಲ್ಲ. ಆಮೇಲೆ ನನಗೆ ಅರ್ಥವಾಗಿದ್ದು ಇಷ್ಟು: ಓಡುವಾಗ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮೊದಲು ಅದನ್ನು ಹಿಡಿದು ನಿಲ್ಲಿಸುವುದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂಭಾಗದ ಸ್ನಾಯು. ಉದ್ದವಾಗುತ್ತಲೇ ಬಿಗಿಯಾಗಬೇಕು. ದಣಿದಿದ್ದರೆ ಅಲ್ಲೇ ಕೈ ಕೊಡುತ್ತದೆ. ನಾನು ವರ್ಷವಿಡೀ ಮಾಡಿಸಿದ್ದು ಶೂಟಿಂಗ್, ಸ್ಕ್ವಾಟ್, ಮೆಟ್ಟಿಲು ಹತ್ತಿಸುವುದು. ಎಲ್ಲ ಮುಂಭಾಗಕ್ಕೆ. ಹಿಂಭಾಗಕ್ಕೆ ಏನೂ ಇಲ್ಲ. ತಪ್ಪು ನನ್ನದೇ.

ಈಗ ಪ್ರತಿ ಸೆಷನ್ ಶುರುವಾಗುವುದು ಫಿಫಾ 11+ ಎಂಬ, ಪೆಟ್ಟು ತಡೆಯಲೆಂದೇ ಮಾಡಿದ ವಾರ್ಮ್‌ಅಪ್‌ನಿಂದ. 20 ನಿಮಿಷ. ಮೊದಲು ಓಟ, ಮಧ್ಯೆ ಶಕ್ತಿ, ಜಿಗಿತ ಮತ್ತು ಬ್ಯಾಲೆನ್ಸ್, ಕೊನೆಗೆ ಮತ್ತೆ ವೇಗದ ಓಟ. ಅದರಲ್ಲಿ ನಾರ್ಡಿಕ್ ಅಂತ ಒಂದಿದೆ. ನಾಲ್ಕಾಗಿ ಮಡಚಿದ ಗೋಣಿಚೀಲದ ಮೇಲೆ ಒಬ್ಬ ಮಂಡಿಯೂರುತ್ತಾನೆ. ಇನ್ನೊಬ್ಬ ಹಿಂದೆ ಕೂತು ಅವನ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಮಂಡಿಯಿಂದ ತಲೆಯವರೆಗೆ ಒಂದೇ ಹಲಗೆ ಥರ ಇಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. ಮೊದಲ ದಿನ ಎಲ್ಲರೂ ಅರ್ಧ ದಾರಿಗೂ ಬರದೆ ದೊಪ್ಪನೆ ಅಂಗೈ ಮೇಲೆ ಬೀಳುತ್ತಾರೆ. ಸೊಂಟ ಹಿಂದಕ್ಕೆ ಹೋಗಿ ಬಿಲ್ಲಿನ ಹಾಗೆ ಬಾಗುತ್ತದೆ. ಆಗ ಮೂರು ಸಲ ಸಾಕು, ಜಾಸ್ತಿ ಬೇಡ. ಆರನೇ ವಾರಕ್ಕೆ ಅದೇ ಹುಡುಗರು ಮೂಗು ಹುಲ್ಲಿಗೆ ತಾಗುವವರೆಗೆ ಹಿಡಿದು ಇಳಿಯುತ್ತಾರೆ. ಆ ಬದಲಾವಣೆ ನೋಡಲು ನನಗೆ ಯಾವ ಮಷಿನೂ ಬೇಡ.

ಮೊದಲ ಎರಡು ವಾರ ತೊಡೆ ಹಿಂದೆ ಸಿಕ್ಕಾಪಟ್ಟೆ ನೋಯುತ್ತದೆ. ಮ್ಯಾಚ್ ಹಿಂದಿನ ದಿನ ಮಾಡಿಸಬೇಡಿ.

ಮೈಸೂರು ಫಿಸಿಯೋ

ಕೋಚ್ ಸರ್, ನೀವು ಬರೆದದ್ದಕ್ಕೆ ನಮಸ್ಕಾರ. ಆದರೆ ಬಾಣಸವಾಡಿ ಸರ್, ನಿಮ್ಮ ಮಗನಿಗೆ ನಾರ್ಡಿಕ್ ಸದ್ಯಕ್ಕೆ ಬೇಡ. ಆ ಗುಬ್ಬಟೆಯ ಮೇಲೆ ಮಂಡಿಯೂರಿದರೆ ನೋವು ಏರುತ್ತದೆ. ಅವನಿಗೆ ಇದು ಮಾಡಿಸಿ: ನೆಲದ ಮೇಲೆ ಬೆನ್ನು ಹಾಕಿ ಮಲಗಿ, ಮಂಡಿ ಮಡಚಿ, ಎರಡು ಹಿಮ್ಮಡಿಯ ಕೆಳಗೆ ಹಳೆಯ ಟವೆಲ್. ಸೊಂಟ ಎತ್ತಿ, ಟವೆಲ್ ಜಾರಿಸುತ್ತಾ ಕಾಲನ್ನು ನಿಧಾನವಾಗಿ ಉದ್ದ ಮಾಡಬೇಕು. ಗ್ರಾನೈಟ್ ಅಥವಾ ಮೊಸಾಯಿಕ್ ನೆಲ ಇದ್ದರೆ ಚೆನ್ನಾಗಿ ಜಾರುತ್ತದೆ. ಸೊಂಟ ಕೆಳಗಿಟ್ಟು ಕಾಲು ವಾಪಸ್ ತಂದು ಮತ್ತೆ ಶುರು. ಐದು ಸಲ, ಎರಡು ಸುತ್ತು, ವಾರಕ್ಕೆ ಎರಡು ದಿನ. ಸುಲಭ ಅನಿಸಿದ ಮೇಲೆ ಒಂದೊಂದೇ ಕಾಲಲ್ಲಿ. ಮಂಡಿಯ ಮುಂಭಾಗಕ್ಕೆ ಭಾರವೇ ಬೀಳುವುದಿಲ್ಲ.

ಲೆಕ್ಕ ಪಕ್ಕಾ

ಕ್ಷಮಿಸಿ, ಮಷಿನ್ ಪರೀಕ್ಷೆಯನ್ನು ಇಷ್ಟು ಹಗುರವಾಗಿ ತಳ್ಳಿಹಾಕಬೇಡಿ. 2008ರಲ್ಲಿ ಬೆಲ್ಜಿಯಂನ ಕ್ರೋಸಿಯೇ ಮತ್ತು ಅವರ ತಂಡ 462 ವೃತ್ತಿಪರ ಆಟಗಾರರನ್ನು ಒಂದು ಸೀಸನ್ ಪೂರ್ತಿ ಗಮನಿಸಿತು. ಸ್ನಾಯುಗಳ ಶಕ್ತಿಯಲ್ಲಿ ಅಸಮತೋಲನ ಇದ್ದೂ ಸರಿಪಡಿಸಿಕೊಳ್ಳದವರಿಗೆ ಹ್ಯಾಮ್‌ಸ್ಟ್ರಿಂಗ್ ಪೆಟ್ಟು, ಅಸಮತೋಲನ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು ಜಾಸ್ತಿ ಆಯಿತು. ಸರಿಪಡಿಸಿಕೊಂಡವರಲ್ಲಿ ಅಪಾಯ ಇಳಿಯಿತು. ಇದು ಸಣ್ಣ ವಿಷಯವೇನಲ್ಲ.

ಮೈಸೂರು ಫಿಸಿಯೋ

ನಿಜ, ಆ ಅಧ್ಯಯನ ನಾನೂ ಓದಿದ್ದೇನೆ. ಅದರಿಂದಲೇ ನಾವೆಲ್ಲ ಹಿಂಭಾಗವನ್ನು ಗಂಭೀರವಾಗಿ ತಗೊಂಡಿದ್ದು. ಆದರೆ ಕತಾರ್‌ನಲ್ಲಿ 614 ವೃತ್ತಿಪರ ಆಟಗಾರರನ್ನು ನಾಲ್ಕು ಸೀಸನ್ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಅಲ್ಲಿ 190 ಹ್ಯಾಮ್‌ಸ್ಟ್ರಿಂಗ್ ಪೆಟ್ಟುಗಳಾದವು. ಪೆಟ್ಟಾದವರ ಮತ್ತು ಆಗದವರ ಮಷಿನ್ ಅಂಕಿಗಳ ನಡುವೆ ವ್ಯತ್ಯಾಸ ತೀರಾ ಸಣ್ಣದು. ಈ ಹುಡುಗನಿಗೆ ಪೆಟ್ಟಾಗುತ್ತದೆ, ಆ ಹುಡುಗನಿಗೆ ಆಗುವುದಿಲ್ಲ ಎಂದು ಅಂಕಿ ನೋಡಿ ಬೆರಳಿಟ್ಟು ಹೇಳಲು ಆಗುವುದಿಲ್ಲ. ಮತ್ತೆ ಎರಡೂ ಅಧ್ಯಯನಗಳು ಬೆಳೆದ ಗಂಡಸರ ಮೇಲೆ ನಡೆದವು. 14ರ ಹುಡುಗನ ಕಾಲು ಇವತ್ತಿದ್ದ ಹಾಗೆ ಆರು ತಿಂಗಳ ನಂತರ ಇರುವುದಿಲ್ಲ.

ಪರೀಕ್ಷೆ ಬೇಡ ಎನ್ನುತ್ತಿಲ್ಲ. ಪೆಟ್ಟಾದ ಮೇಲೆ ಕಾಲು ವಾಪಸ್ ಬಂತಾ ಎಂದು ನೋಡಲು ನನಗೂ ಅದು ಬೇಕು. ಆದರೆ ವ್ಯಾಯಾಮಕ್ಕೆ ಅಂಕಿ ಕಾಯಬೇಕಾಗಿಲ್ಲ. 0.48 ಬಂದವನಿಗೂ 0.65 ಬಂದವನಿಗೂ ಅದೇ 20 ನಿಮಿಷ ಒಳ್ಳೆಯದು. ನಾರ್ಡಿಕ್ ಇರುವ ವ್ಯಾಯಾಮ ಕ್ರಮ ಅನುಸರಿಸಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಹತ್ತಿರ ಹತ್ತಿರ ಅರ್ಧ ಇಳಿದಿದೆ ಎಂದು 8,000ಕ್ಕೂ ಹೆಚ್ಚು ಆಟಗಾರರ ಮಾಹಿತಿ ಒಟ್ಟು ಸೇರಿಸಿ 2019ರಲ್ಲಿ ಹೇಳಿದ್ದಾರೆ. ಅವರನ್ನೆಲ್ಲ ಮೊದಲು ಕುರ್ಚಿಯಲ್ಲಿ ಕೂರಿಸಿ ಆರಿಸಿರಲಿಲ್ಲ.

ಲೆಕ್ಕ ಪಕ್ಕಾ

ಒಪ್ಪಿದೆ. ಕೊನೆಯ ಮಾತು ನನಗೆ ಹೊಳೆದಿರಲಿಲ್ಲ.

ಹಳೇ ಆಟಗಾರ

ನನಗೆ ಈಗ 71. ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲ್ ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಅಹಮದ್ ಖಾನ್ ನಮ್ಮವರು. ಆ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಯಾರಿಗೂ ಅನುಪಾತ ಗೊತ್ತಿರಲಿಲ್ಲ. ಈಗಿನ ಮಕ್ಕಳಿಗೆ ಮಾತ್ರ ಯಾಕೆ ಇಷ್ಟು ತೊಂದರೆ?

ಬೆಳಗಿನ ಮೈದಾನ

ಅಂಕಲ್, ಅವರ ಹೆಸರು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಿಮ್ಮ ಪ್ರಶ್ನೆ ಸರಿಯಾಗಿದೆ. ನಿಮ್ಮ ಕಾಲದ ಹುಡುಗರು ಫುಟ್‌ಬಾಲ್ ಒಂದೇ ಆಡುತ್ತಿರಲಿಲ್ಲ, ಅಲ್ವಾ? ಲಗೋರಿ, ಕಬಡ್ಡಿ, ಮರ ಹತ್ತುವುದು, ಶಾಲೆಗೆ ನಡೆದು ಹೋಗುವುದು. ಕಾಲಿನ ಎಲ್ಲ ಭಾಗಕ್ಕೂ ತಾನಾಗಿಯೇ ಕೆಲಸ ಸಿಗುತ್ತಿತ್ತು. ನನ್ನ ಹುಡುಗ ಬೆಳಿಗ್ಗೆ ವ್ಯಾನ್‌ನಲ್ಲಿ ಕೂತು, ಶಾಲೆಯಲ್ಲಿ ಏಳು ಗಂಟೆ ಕೂತು, ಟ್ಯೂಷನ್‌ನಲ್ಲಿ ಕೂತು, ಸಂಜೆ ನೇರ ಟರ್ಫ್ ಮೇಲೆ ಇಳಿದು ಪೂರ್ತಿ ವೇಗದಲ್ಲಿ ಓಡುತ್ತಾನೆ. ಆ ಕಾಲದಲ್ಲೂ ತೊಡೆ ಹಿಡಿದು ಆಟ ಬಿಟ್ಟವರು ಇದ್ದಿರಬೇಕು. ಅವರ ಹೆಸರು ನಮಗೆ ಗೊತ್ತಾಗಲೇ ಇಲ್ಲ.

ಹಳೇ ಆಟಗಾರ

ಇದ್ದರು. ನನ್ನ ಅಣ್ಣನೇ ಒಬ್ಬ. 19ನೇ ವಯಸ್ಸಿಗೆ ಆಟ ಬಿಟ್ಟ. ಅವನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಎಡಗಾಲು 11

ಇಲ್ಲಿ ನನ್ನ ಕಥೆ ಹೇಳಲೇಬೇಕು, ಯಾಕಂದರೆ ಇನ್ನೂ ಒಬ್ಬ ತಾಯಿ-ತಂದೆಗೆ ಉಪಯೋಗಕ್ಕೆ ಬರಬಹುದು.

ನನಗೆ ಆಗ 15. ಅಂತರಶಾಲಾ ಪಂದ್ಯ. ಎಡಗಾಲಲ್ಲಿ ದೂರದ ಕ್ರಾಸ್ ಹೊಡೆದೆ. ‘ಟಪ್’ ಅಂತ ಸದ್ದು. ನನಗೆ ಮಾತ್ರ ಅಲ್ಲ, ಪಕ್ಕದಲ್ಲಿದ್ದ ಗೆಳೆಯನಿಗೂ ಕೇಳಿಸಿತ್ತು. ಸೊಂಟದ ಮುಂದೆ, ತೊಡೆ ಶುರುವಾಗುವ ಜಾಗದಲ್ಲಿ ಬೆಂಕಿ ಇಟ್ಟ ಹಾಗಾಯಿತು. ನಮ್ಮ ತಂಡದವರು ‘ನರ ಹಿಡಿದುಕೊಂಡಿದೆ’ ಎಂದು ಒಬ್ಬರ ಹತ್ತಿರ ಎಣ್ಣೆ ಹಚ್ಚಿ ತಿಕ್ಕಿಸಿದರು. ಮೂರು ದಿನ ತಿಕ್ಕಿದರು. ನಾನು ಕಿರುಚುತ್ತಿದ್ದೆ. ಎರಡು ವಾರದ ನಂತರ ಮತ್ತೆ ಓಡಲು ಹೋಗಿ ಬಿದ್ದೆ. ಆಮೇಲೆ ಎಕ್ಸ್-ರೇ. ಸ್ನಾಯು ಹರಿದಿರಲಿಲ್ಲ. ಸ್ನಾಯು ಅಂಟಿಕೊಂಡಿದ್ದ ಮೂಳೆಯ ಚೂರೇ ಕಿತ್ತು ಬಂದಿತ್ತು. ತೊಡೆ ಮುಂಭಾಗದ ನಾಲ್ಕರಲ್ಲಿ ಒಂದು ಸ್ನಾಯು ಮಂಡಿಯನ್ನೂ ಸೊಂಟವನ್ನೂ ಎರಡನ್ನೂ ದಾಟುತ್ತದಂತೆ. ಜೋರಾಗಿ ಒದೆಯುವಾಗ ಎರಡೂ ಕಡೆ ಎಳೆತ ಬೀಳುವುದು ಅದಕ್ಕೇ. 15ರಲ್ಲಿ ಸ್ನಾಯು ಗಟ್ಟಿಯಾಗಿತ್ತು, ಮೂಳೆಯ ಆ ತುದಿ ಇನ್ನೂ ಎಳೆಯದಾಗಿತ್ತು. ವೈದ್ಯರು ಒಂದು ಮಾತು ಹೇಳಿದರು, ಮರೆತಿಲ್ಲ: ‘ಮೊದಲ ದಿನವೇ ಬಂದಿದ್ದರೆ ಸುಮ್ಮನೆ ಊರುಗೋಲು ಕೊಟ್ಟು ಮನೆಗೆ ಕಳಿಸುತ್ತಿದ್ದೆ.’ ತಿಕ್ಕಿದ್ದರಿಂದ, ಬೇಗ ಓಡಿದ್ದರಿಂದ ಐದು ತಿಂಗಳು ಹೋಯಿತು. ಆ ವರ್ಷದ ಸುಬ್ರತೊ ಕಪ್ (ಶಾಲಾ ಮಕ್ಕಳ ಫುಟ್‌ಬಾಲ್ ಟೂರ್ನಿ) ಆಯ್ಕೆಯೂ ಹೋಯಿತು.

ದಯವಿಟ್ಟು ನೆನಪಿಡಿ. 13ರಿಂದ 17ರ ಮಗು ಒದೆಯುವಾಗಲೋ ಓಡುವಾಗಲೋ ‘ಟಪ್’ ಅಂತು ಅಂದರೆ ತಿಕ್ಕಿಸಬೇಡಿ. ಎಕ್ಸ್-ರೇ ಮಾಡಿಸಿ. ಕುಂಡೆಯ ಕೆಳಗೆ, ಹ್ಯಾಮ್‌ಸ್ಟ್ರಿಂಗ್ ಶುರುವಾಗುವ ಮೂಳೆಯಲ್ಲೂ ಹೀಗೇ ಆಗುತ್ತದೆ.

ಮೈಸೂರು ಫಿಸಿಯೋ

ಓದಿ ಸಂಕಟವಾಯಿತು ತಮ್ಮಾ. ಇದಕ್ಕೆ ಒಂದೇ ಸೇರಿಸುತ್ತೇನೆ. 10ರಿಂದ 16ರ ಮಗು ಬೀಳದೆಯೇ ಮಂಡಿ ನೋವು ಎಂದು ಕುಂಟುತ್ತಿದ್ದರೆ ಸೊಂಟದ ಕೀಲನ್ನೂ ನೋಡಿಸಿ. ಅಲ್ಲಿನ ತೊಂದರೆ ಕೆಲವೊಮ್ಮೆ ಮಂಡಿಯಲ್ಲಿ ನೋವಾಗಿ ಕಾಣಿಸುತ್ತದೆ. ರಾತ್ರಿ ಎಬ್ಬಿಸುವ ನೋವು, ಊತ, ಜ್ವರ ಇದ್ದರೆ ಅವತ್ತೇ ಆಸ್ಪತ್ರೆ.

ಧಾರವಾಡ ಪಿ.ಟಿ. ಮಾಸ್ತರ್

ಎಲ್ಲರ ಮಾತೂ ಓದಿದೆ. ನಮ್ಮದು ಸರ್ಕಾರಿ ಪ್ರೌಢಶಾಲೆ. ಫುಟ್‌ಬಾಲ್ ಆಡೋರು 40 ಮಕ್ಕಳು, ಚೆಂಡು ಆರು, ಮೈದಾನ ಕೆಂಪು ಮಣ್ಣು. ಮಷಿನ್ ಮಾತು ನಮಗೆ ದೂರದ್ದು. ನಾನು ಮಾಡೋದು ಹೇಳುತ್ತೇನೆ, ಬೇರೆ ಮಾಸ್ತರರಿಗೆ ಬೇಕಾದೀತು.

ವರಾಂಡದ ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆ. ಮಗು ಒಂಟಿ ಕಾಲಲ್ಲಿ ಗೆರೆ ಹಿಂದೆ ನಿಂತು, ಕೈ ಸೊಂಟದ ಮೇಲಿಟ್ಟು, ಅದೇ ಕಾಲಲ್ಲಿ ಮುಂದಕ್ಕೆ ಜಿಗಿದು ಅದೇ ಕಾಲಲ್ಲಿ ಇಳಿಯಬೇಕು. ಇಳಿದ ಮೇಲೆ ಎರಡು ಎಣಿಸುವವರೆಗೆ ಅಲ್ಲಾಡಬಾರದು. ಹಿಮ್ಮಡಿ ಬಿದ್ದ ಜಾಗಕ್ಕೆ ಗುರುತು. ಒಂದೊಂದು ಕಾಲಿಗೆ ಮೂರು ಸಲ, ಒಳ್ಳೆಯದನ್ನು ಬರೆದುಕೊಳ್ಳೋದು. ಹೋದ ತಿಂಗಳು ನಮ್ಮ ಗೋಲ್‌ಕೀಪರ್ ಹುಡುಗ ಬಲಗಾಲಲ್ಲಿ 134 ಸೆಂಟಿಮೀಟರ್, ಎಡಗಾಲಲ್ಲಿ 118. ಅಂದರೆ 88 ಪರ್ಸೆಂಟ್. 90ಕ್ಕಿಂತ ಕಡಿಮೆ ಬಂದವರ ಹೆಸರಿಗೆ ಒಂದು ಚುಕ್ಕೆ ಇಡುತ್ತೇನೆ. ಅಂಕಿಗಿಂತ ಇಳಿಯುವುದನ್ನು ನೋಡಿದರೆ ಜಾಸ್ತಿ ಗೊತ್ತಾಗುತ್ತದೆ. ಎಡಗಾಲಲ್ಲಿ ಇಳಿದಾಗ ಅವನ ಮಂಡಿ ಒಳಕ್ಕೆ ವಾಲಿತು, ಕೈ ಸೊಂಟ ಬಿಟ್ಟು ಗಾಳಿಗೆ ಹೋಯಿತು. ಕೇಳಿದರೆ ಎರಡು ವರ್ಷದ ಹಿಂದೆ ಆ ಪಾದ ಉಳುಕಿತ್ತು, ಆಮೇಲೆ ಯಾರೂ ಏನೂ ಮಾಡಿಸಿರಲಿಲ್ಲ.

ಎರಡನೆಯದು, ಮಲಗಿ ಒಂಟಿ ಕಾಲಿನ ಹಿಮ್ಮಡಿಯನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತುವುದು. ಎರಡೂ ಕಾಲಲ್ಲಿ ಎಷ್ಟೆಷ್ಟು ಆಗುತ್ತದೆ ಎಣಿಸಿ. ಎಂಟು ಮಾಡಿದ ಮೇಲೆ ತೊಡೆ ಸೆಳೆತ ಬಂದು ಕೂಗಿದ ಮಕ್ಕಳು ಇದ್ದಾರೆ. ಚೆಂಡನ್ನು ಅರ್ಧ ಮೈದಾನ ದಾಟಿಸುವವರು ಇವರೇ!

ನಮ್ಮ ಕಡೆ ಜೋಡಿ ಎತ್ತು ಹೂಡುವಾಗ ಒಂದು ಎಳೆಯದ್ದು, ಒಂದು ಬಲಿತದ್ದು ಆದರೆ ಸಾಲು ಸೊಟ್ಟಗೆ ಹೋಗುತ್ತದೆ. ಬಲಿತ ಎತ್ತನ್ನು ಯಾರೂ ಬಿಚ್ಚಿ ಮನೆಗೆ ಕಳಿಸುವುದಿಲ್ಲ, ಎಳೆಯದನ್ನು ಪಳಗಿಸುತ್ತಾರೆ. ಮಕ್ಕಳಿಗೆ ಇದನ್ನೇ ಹೇಳುತ್ತೇನೆ, ತಕ್ಷಣ ತಿಳಿಯುತ್ತದೆ.

ಕರಾವಳಿ ಅಮ್ಮ

ಹುಡುಗಿಯರ ಬಗ್ಗೆ ಯಾರೂ ಮಾತಾಡಿಲ್ಲ! ನನ್ನ ಮಗಳಿಗೆ 15, ಮಂಗಳೂರಲ್ಲಿ ಆಡುತ್ತಾಳೆ. ಅವಳ ತಂಡದ ಇಬ್ಬರಿಗೆ ಒಂದೇ ವರ್ಷದಲ್ಲಿ ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿಯಿತು. ಇಬ್ಬರಿಗೂ ಆಪರೇಷನ್. ಭಯವಾಗುತ್ತದೆ.

ಮೈಸೂರು ಫಿಸಿಯೋ

ಅಕ್ಕ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಫುಟ್‌ಬಾಲ್‌ನಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು-ಮೂರು ಪಟ್ಟು ಜಾಸ್ತಿ. ದೊಡ್ಡವರಾಗುತ್ತಿದ್ದ ಹಾಗೆ ಹುಡುಗಿಯರಲ್ಲಿ ತೊಡೆಯ ಮುಂಭಾಗ ಬಲವಾದಷ್ಟು ಹಿಂಭಾಗ ಬಲವಾಗುವುದಿಲ್ಲ. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದರಲ್ಲಿ ಎಸಿಎಲ್‌ಗೆ ಜೊತೆಯಾಗುವುದು ಇದೇ ಹ್ಯಾಮ್‌ಸ್ಟ್ರಿಂಗ್. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಾ ಎಂದು ಎದುರಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿ ಅವಳಿಗೇ ತೋರಿಸಿ. ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಬೇಗ ಸರಿಯಾಗುತ್ತದೆ.

ಧೈರ್ಯಕ್ಕೆ ಒಂದು ವಿಷಯ: 11+ ಅನ್ನು ಮೊದಲು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದೇ ಹುಡುಗಿಯರ ಮೇಲೆ. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ 1,892 ಹುಡುಗಿಯರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟು ಪೆಟ್ಟುಗಳು ಸುಮಾರು ಮೂರನೇ ಒಂದು ಭಾಗ ಇಳಿದಿದ್ದವು. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿಸಬೇಕು.

ಕರಾವಳಿ ಅಮ್ಮ

ಅವಳ ಅಜ್ಜಿ ವೇಟ್ ಎತ್ತಿಸಿದರೆ ಕುಳ್ಳಿ ಆಗುತ್ತಾಳೆ ಅಂತಾರೆ. ನಿಜವಾ?

ಮೈಸೂರು ಫಿಸಿಯೋ

ಇಲ್ಲ ಅಕ್ಕ. ಹೇಳಿಕೊಡುವವರು ಎದುರಿಗಿದ್ದು, ಹಗುರದಿಂದ ಶುರುಮಾಡಿ, ಸರಿಯಾದ ಭಂಗಿಯಲ್ಲಿ ಮಾಡಿದರೆ ಎತ್ತರಕ್ಕೆ ಏನೂ ತೊಂದರೆಯಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ರಾಗಿ, ಹುರುಳಿ, ಮೊಟ್ಟೆ, ಮೀನು ಹೊಟ್ಟೆ ತುಂಬಾ ಬಡಿಸಲಿ, ರಾತ್ರಿ ಎಂಟು ಗಂಟೆಗಿಂತ ಕಡಿಮೆ ನಿದ್ದೆ ಆಗದ ಹಾಗೆ ಗದರಲಿ. ಅದು ಅವರೇ ಮಾಡಬಲ್ಲ ಕೆಲಸ.

ಯೂಟ್ರೆಕ್ಟ್ ಕನ್ನಡಿಗ

ನೆದರ್ಲ್ಯಾಂಡ್ಸ್‌ನಿಂದ. ನನ್ನ ಮಗಳು 10 ವರ್ಷದವಳು, ಇಲ್ಲಿ ಕ್ಲಬ್‌ನಲ್ಲಿ ಆಡುತ್ತಾಳೆ. 7ರಿಂದ 13ರ ಮಕ್ಕಳಿಗೆ 11+ ಕಿಡ್ಸ್ ಅಂತ ಬೇರೆಯೇ ಇದೆ. ಒಂಟಿ ಕಾಲಲ್ಲಿ ನಿಂತು ಚೆಂಡು ಎಸೆದಾಡುವುದು, ಪಕ್ಕಕ್ಕೆ ಜಿಗಿಯುವುದು, ಬೀಳುವುದನ್ನು ಕಲಿಯುವುದು. ಮಕ್ಕಳಿಗೆ ಆಟದ ಥರವೇ ಇರುತ್ತದೆ. ಈ ದೇಶವೂ ಸೇರಿ ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ಪೆಟ್ಟು ಅರ್ಧದಷ್ಟು ಇಳಿದಿತ್ತು. ಸಣ್ಣ ಮಕ್ಕಳಿಗೆ ಹೇಳಿಕೊಡುವವರು ಇದನ್ನು ನೋಡಿ.

ಟರ್ಫ್ ತಂದೆ

ಎಲ್ಲ ಸರಿ. ಆದರೆ ನಾವು ಟರ್ಫ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಳ್ಳೋದು. ಟ್ರಾಫಿಕ್‌ನಲ್ಲಿ ಅರ್ಧ ಮಕ್ಕಳು ಹತ್ತು ನಿಮಿಷ ತಡ. ಅದರಲ್ಲಿ 20 ನಿಮಿಷ ವಾರ್ಮ್‌ಅಪ್ ಅಂದರೆ ಬೇರೆ ಪೋಷಕರು ದುಡ್ಡು ದಂಡ ಅಂತಾರೆ.

ಬೆಳಗಿನ ಮೈದಾನ

ವಾರ್ಮ್‌ಅಪ್ ಒಳಗೇ ಮಾಡಬೇಕು ಅಂತ ಯಾರು ಹೇಳಿದರು ಸರ್? ನಮ್ಮ ಮಕ್ಕಳು ಬಲೆಯ ಹೊರಗೆ, ಪಾರ್ಕಿಂಗ್ ಜಾಗದ ಒಂದು ಮೂಲೆಯಲ್ಲಿ ಮಾಡುತ್ತಾರೆ. ಹಿಂದಿನ ತಂಡದ ಆಟ ಮುಗಿಯುವ ಹೊತ್ತಿಗೆ ಇವರ ಮೈ ಬಿಸಿಯಾಗಿರುತ್ತದೆ. ಓಟದ ಭಾಗಕ್ಕೆ ಹನ್ನೆರಡು ಹೆಜ್ಜೆ ಜಾಗ ಸಾಕು. ಶಕ್ತಿಯ ವ್ಯಾಯಾಮ ಪ್ರಾಕ್ಟೀಸ್ ಮುಗಿದ ಮೇಲೂ ಮಾಡಿಸಬಹುದು. ತೊಡೆಸಂದಿಗೆ ಕೋಪನ್‌ಹೇಗನ್ ವ್ಯಾಯಾಮ ನಾನು ಕೊನೆಗೇ ಮಾಡಿಸುತ್ತೇನೆ. ಒಬ್ಬ ಪಕ್ಕಕ್ಕೆ ಮಲಗುತ್ತಾನೆ, ಗೆಳೆಯ ಅವನ ಮೇಲಿನ ಕಾಲು ಹಿಡಿಯುತ್ತಾನೆ, ಅದರ ಬಲದಲ್ಲೇ ಮೈ ಎತ್ತಬೇಕು. ಒಳತೊಡೆ ನಡುಗುವುದು ಕಣ್ಣಿಗೆ ಕಾಣುತ್ತದೆ.

ಬಾಣಸವಾಡಿ ಅಪ್ಪ

ಎಂಟು ವಾರ ಆಯಿತು. ಆದದ್ದು ಹೇಳುವುದು ನನ್ನ ಕರ್ತವ್ಯ.

ಮೂಳೆ ವೈದ್ಯರಿಗೆ ತೋರಿಸಿದೆವು, ಮೇಡಂ ಹೇಳಿದ್ದೇ ಆಸ್ಗುಡ್-ಶ್ಲಾಟರ್. ಪ್ಯಾಕೇಜ್ ತಗೊಳ್ಳಲಿಲ್ಲ. ಸಂಜೆ ಟರ್ಫ್ ನಿಲ್ಲಿಸಿದೆವು, ಮೂರು ವಾರ ಶೂಟಿಂಗ್ ಇರಲಿಲ್ಲ, ಪಾಸಿಂಗ್ ಮಾತ್ರ. ಮೊದಲ ವಾರ ಮುಖ ಊದಿಸಿಕೊಂಡಿದ್ದ. ಎರಡನೇ ವಾರ ಕೋಚ್ ‘ಎಡಗಾಲಲ್ಲಿ ಪಾಸ್ ಕೊಡು, ನೋಡೋಣ’ ಎಂದರಂತೆ, ಅಲ್ಲಿಂದ ಅದೇ ಹಟ ಹಿಡಿದ.

ಟವೆಲ್ ವ್ಯಾಯಾಮ ನಮ್ಮ ಹಾಲ್‌ನಲ್ಲಿ. ಮೊದಲ ದಿನ ಮೂರಕ್ಕೆ ಸೊಂಟ ಕುಸಿಯಿತು, ನಾನೂ ಪಕ್ಕದಲ್ಲಿ ಮಲಗಿ ಮಾಡಿದೆ, ನನಗೆ ಎರಡೇ ಆಗಿದ್ದು. ಈಗ ಅವನು ಒಂಟಿ ಕಾಲಲ್ಲಿ ಆರು ಮಾಡುತ್ತಾನೆ. ಗುಬ್ಬಟೆ ಹಾಗೇ ಇದೆ, ಒತ್ತಿದರೆ ಮೊದಲಿನಷ್ಟು ನೋವಿಲ್ಲ. ಮಾಸ್ತರ್ ಹೇಳಿದ ಜಿಗಿತ ವರಾಂಡದಲ್ಲಿ ಮಾಡಿಸಿದೆ: ಬಲ 151, ಎಡ 146. ಮಷಿನ್ ಪರೀಕ್ಷೆ ಮತ್ತೆ ಮಾಡಿಸಿಲ್ಲ. ಹೋದ ಭಾನುವಾರ ಸೆಕೆಂಡ್ ಹಾಫ್ ಪೂರ್ತಿ ಆಡಿದ.

ಬಾಗಿಲ ಗೆರೆ ಈಗ ತಿಂಗಳಿಗೊಮ್ಮೆ ಹಾಕುತ್ತೇವೆ. ಎರಡು ತಿಂಗಳಲ್ಲಿ ಮತ್ತೆ ಒಂದೂವರೆ ಸೆಂಟಿಮೀಟರ್.

ಕೋಚ್ ಸರ್, ಮಂಡಿ ನೋವು ಪೂರ್ತಿ ಹೋದ ಮೇಲೆ ನಾರ್ಡಿಕ್ ಶುರುಮಾಡಬಹುದಾ? ನಿಮ್ಮ ಹುಡುಗರು ಮಾಡುವುದನ್ನು ಒಂದು ಸಲ ನೋಡಬೇಕು ಅಂತ ಅವನಿಗೆ ಆಸೆ.

ಬೆಳಗಿನ ಮೈದಾನ

ಓದಿ ತುಂಬಾ ಖುಷಿಯಾಯಿತು ಸರ್. ಗುಬ್ಬಟೆ ಒತ್ತಿದರೆ ನೋವು ಬರದ ಹಾಗಾದ ಮೇಲೆ, ಮೇಡಂ ಸರಿ ಅಂದ ಮೇಲೆ ಶುರುಮಾಡೋಣ, ಮೂರೇ ಸಲದಿಂದ. ನೋಡಲು ಈ ಶನಿವಾರವೇ ಕರೆದುಕೊಂಡು ಬನ್ನಿ, ಬೆಳಿಗ್ಗೆ ಆರೂವರೆಗೆ. ಮೈದಾನ ಎಲ್ಲಿ ಅಂತ ಮೆಸೇಜ್ ಮಾಡಿದ್ದೇನೆ. ಇಲ್ಲಿ ಓದುತ್ತಿರುವ ಬೇರೆ ಅಪ್ಪ-ಅಮ್ಮಂದಿರೂ ಬರಬಹುದು, ಗೋಣಿಚೀಲ ಮಾತ್ರ ಒಂದೊಂದು ತನ್ನಿ. ನಮ್ಮಲ್ಲಿ ಇರುವುದು ಹತ್ತೇ.